ಜೈಲಿನ ಅಡುಗೆಮನೆಯ ಹೆಡ್ ವಾರ್ಡರ್

ಅವರ ಕಣ್ಣುಗಳು ಸದಾ ಕೆಂಪಗಿರುತ್ತಿದ್ದವು. ಕುಡಿತವೇ ಇರಬೇಕು ಎಂದು ಮೊದಲ ದಿನವೇ ತೀರ್ಮಾನಿಸಿಬಿಟ್ಟಿದ್ದೆ. ಆಮೇಲೆ ನೋಡಿದರೆ ಅದು ಈರುಳ್ಳಿಯ ಕೆಲಸ. ಜೈಲಿನ ಹೆಡ್ ವಾರ್ಡರ್ ಆಗಿದ್ದ ಅವರು ಬೆಳಿಗ್ಗೆ ಕೈದಿಗಳ ಎಣಿಕೆ ಮುಗಿಯುತ್ತಲೇ ಖಾಕಿ ತೋಳು ಮಡಚಿ ಅಡುಗೆಮನೆಯಲ್ಲಿ ಈರುಳ್ಳಿ ಸುಲಿಯಲು ಕೂರುತ್ತಿದ್ದರು.

ನಾನು ಪ್ರತಿ ಗುರುವಾರ ಹೊಸಪೇಟೆಯಿಂದ ಬಸ್ಸಿನಲ್ಲಿ ಆ ಜೈಲಿಗೆ ಹೋಗುತ್ತಿದ್ದ ಆಪ್ತಸಮಾಲೋಚಕಿ. ಮನೋವೈದ್ಯರು ತಿಂಗಳಿಗೊಮ್ಮೆ ಬಂದು ಮಾತ್ರೆ ಬರೆದು ಹೋಗುವರು. ನಡುವಿನ ವಾರಗಳಿಗೆ ನಾನು. ಕಚೇರಿಯ ಮೂಲೆಯಲ್ಲಿ ಒಂದು ಮೇಜು, ಬಾಗಿಲಲ್ಲಿ ಒಬ್ಬ ಕಾವಲಿನವ, ನನ್ನ ಕೈಯಲ್ಲಿ ಪ್ರಶ್ನೆಗಳ ಫಾರಂ. "ನಿದ್ದಿ ಬರ್ತೈತೇನು?" ಎಂದರೆ "ಬರ್ತೈತ್ರಿ." "ಬ್ಯಾಸರ ಆಗ್ತೈತೇನು?" ಎಂದರೆ "ಇಲ್ರಿ ಮೇಡಂ." ನನ್ನ ಫಾರಂ ನಂಬಿದರೆ ಆ ಜೈಲಿನಷ್ಟು ಸುಖದ ಜಾಗ ಇಡೀ ಜಿಲ್ಲೆಯಲ್ಲಿ ಇರಲಿಲ್ಲ.

ಅದೇ ಜನ ಅಡುಗೆಮನೆಯಲ್ಲಿ ಅವರೆದುರು ಗಳಗಳನೆ ಅಳುತ್ತಿದ್ದರು. ಮಂಕಾದವರನ್ನು ಗುರುತಿಸಿ ಈರುಳ್ಳಿ ಸುಲಿಯಲು ಹಾಕುವುದು ಅವರ ಪದ್ಧತಿ. "ಬ್ಯಾರಕ್ಕಿನ್ಯಾಗ ಅತ್ರ ಉಳಿದೋರು ಆಡ್ಕೊಂತಾರ್ರಿ. ಇಲ್ಲಿ ಅತ್ರ ಯಾರೂ ಕೇಳಂಗಿಲ್ಲ," ಎನ್ನುತ್ತಿದ್ದರು. ವರ್ಷಗಟ್ಟಲೆ ಓದಿ ಬಂದ ನನಗೆ ಹೊಟ್ಟೆ ಉರಿಯುತ್ತಿತ್ತು. ಅಲ್ಲಿಂದ ಮಾತು, ನಗು ಕೇಳಿಸಿದರೆ ನಾನು ಪೆನ್ನು ಒತ್ತಿ ಒತ್ತಿ ಬರೆದು ಫಾರಂ ಹರಿದದ್ದೂ ಉಂಟು.

ಸಂಡೂರು ಕಡೆಯ ಅದಿರು ಲಾರಿಯ ಡ್ರೈವರ್ ಒಬ್ಬ ವಿಚಾರಣಾಧೀನ ಕೈದಿಯಾಗಿದ್ದ. ಎರಡು ಸಲ ಜಾಮೀನು ಸಿಗದೆ ಮಾತು ಬಿಟ್ಟು ಕೂತಿದ್ದವನು ಒಂದು ಗುರುವಾರ ನನ್ನ ಮೇಜಿನೆದುರು ನಗುತ್ತಾ ಕೂತ. ಆರಾಮ ಇದ್ದೇನೆ ಎಂದ. ಅಂತೂ ನನ್ನ ಕೈಯಲ್ಲೂ ಒಬ್ಬ ಗುಣವಾದ ಎಂದು ಹಿಗ್ಗಿ 'ಸುಧಾರಣೆ' ಎಂದು ಬರೆದೆ. ಹೊರಡುವಾಗ ಹೆಡ್ ವಾರ್ಡರ್ ಹತ್ತಿರ ಬಂದರು.

"ಮೇಡಮ್ಮೋರ, ಅಂವ ನಿನ್ನೆ ತನ್ನ ಸೋಪು, ಟವಲ್, ಚಾದರ ಎಲ್ಲಾ ಹಂಚ್ಯಾನ್ರಿ. ನನಗ್ಯಾಕೋ ಸರಿ ಕಾಣವಲ್ದು. ಡಾಕ್ಟ್ರಿಗೆ ಒಂದು ಫೋನ್ ಮಾಡ್ರಿ."

ಇದ್ದದ್ದನ್ನೆಲ್ಲ ಹಂಚಿಬಿಡುವುದು ಸಾಯಲು ನಿರ್ಧರಿಸಿದವರ ಲಕ್ಷಣವಾಗಿರಬಹುದು ಎಂದು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಅದನ್ನು ಕಂಡುಹಿಡಿದವರು ಅವರಾಗಿಬಿಟ್ಟರಲ್ಲ. "ನನ್ನ ಕೆಲ್ಸ ನನಗ ಬಿಡ್ರಿ. ನೀವು ಉಳ್ಳಾಗಡ್ಡಿ ಸುಲ್ಕೊಳ್ರಿ," ಎಂದು ಹೇಳಿ ಬಸ್ಸು ಹತ್ತಿದೆ.

ಹೆಡ್ ವಾರ್ಡರ್ ಡ್ರೈವರನ್ನು ಪಕ್ಕದಲ್ಲೇ ಇರಿಸಿಕೊಂಡು ಮೂರು ದಿನ ಮನೆಗೂ ಹೋಗಲಿಲ್ಲ. ಮೂರನೆಯ ದಿನ ಅವನು ಅತ್ತು, ಸಾಯಲೆಂದು ಬಚ್ಚಿಟ್ಟಿದ್ದನ್ನು ತಾನೇ ತಂದು ಅವರ ಕೈಗಿಟ್ಟ. ಅಂದೇ ಅವನನ್ನು ಆಸ್ಪತ್ರೆಗೆ ಸೇರಿಸಿದರು. ಇದೆಲ್ಲ ನನಗೆ ಗೊತ್ತಾದದ್ದು ಮುಂದಿನ ಗುರುವಾರ, ಜೈಲಿನ ಸಾಹೇಬರು ಕರೆಸಿದಾಗ.

"ನೀವು ಅಂವನ ಮ್ಯಾಲ ಕಣ್ಣಿಡ್ರಿ ಅಂತ ಹೇಳಿ ಹೋಗದಿದ್ರ ಒಂದು ಜೀವ ಹೋಗ್ತಿತ್ತು ನೋಡ್ರಿ," ಎಂದರು ಸಾಹೇಬರು. ನನ್ನ ಮೇಲಿನವರಿಗೆ ಪ್ರಶಂಸೆಯ ಪತ್ರವನ್ನೂ ಬರೆದರು. ನಾನು ಬಾಯಿ ಬಿಡಲಿಲ್ಲ.

ಹೊರಗೆ ಬಂದು ಹೆಡ್ ವಾರ್ಡರನ್ನು ಕೇಳಿದೆ, ಸಾಹೇಬರಿಗೆ ಯಾಕೆ ನನ್ನ ಹೆಸರು ಹೇಳಿದಿರಿ ಎಂದು.

"ಅಂವನ್ನ ದವಾಖಾನಿಗೆ ಕಳಿಸ್ಬೇಕಿತ್ತಲ್ರಿ. ವಾರ್ಡರ್ ಮಾತಿಗೆ ಜಲ್ದಿ ಗಾಡಿ ಸಿಗಂಗಿಲ್ಲ. ನಿಮ್ಮ ಹೆಸರು ಹೇಳಿದ್ರ ಸಿಗ್ತೈತಿ."

ಹೋದ ವರ್ಷ, ನಿವೃತ್ತರಾದ ಕೆಲವೇ ತಿಂಗಳಲ್ಲಿ, ಅವರು ತೀರಿಕೊಂಡರು. ಕಂಪ್ಲಿಯ ಮನೆಗೆ ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದು, "ಆ ಡ್ರೈವರನ್ನ ಉಳಿಸಿದ ಮೇಡಮ್ಮೋರು ನೀವೇ ಅಲ್ರಿ?" ಎಂದರು. ಮನೆಯಲ್ಲೂ ಹಾಗೆಯೇ ಹೇಳಿದ್ದರು ಆ ಮನುಷ್ಯ.

"ನಾನಲ್ರಿ ಅಮ್ಮಾ. ಅವರು ಹೇಳಿದ್ರೂ ನಾನು ಕಿವಿಗೆ ಹಾಕ್ಕೊಳ್ಲಿಲ್ಲ. ಹೊಟ್ಟೆಕಿಚ್ಚು ನನಗ. ಉಳಿಸಿದ್ದು ಅವರು."

ಆಕೆ ನನ್ನ ಕೈ ಬಿಡಲಿಲ್ಲ. "ನೀವು ಹಿಂಗ ಅಂತೀರಿ ಅಂತಾನೂ ಹೇಳಿದ್ರು. ಆ ಮೇಡಮ್ಮಂದು ಭಾಳ ದೊಡ್ಡ ಮನಸ್ಸು ಅಂತಿದ್ರು."