ಗಡಿಗಿಡದ ಬುಡದ ಲುಂಬುಗು

ನಮ್ಮೂರಿನ ನಮ್ವಾಂಜೆ ಕಳೆ ಕೀಳುತ್ತಿರಲಿಲ್ಲ, ಕೊಲ್ಲುತ್ತಿದ್ದಳು. ಅವಳಿ ಹೆತ್ತವಳಾದ್ದರಿಂದ ಊರೆಲ್ಲ ಅವಳನ್ನು ಗೌರವದಿಂದ ನಾಲೊಂಗೊ ಎಂದೇ ಕರೆಯುತ್ತಿತ್ತು. ವಿಷ ಹೊಡೆಯದೆ ತರಕಾರಿ ಬೆಳೆಯುವ ನಮ್ಮ ಸಂಘಕ್ಕೆ ಅವಳು ಸೇರಿದ್ದು ಮಣ್ಣಿನ ಮೇಲಿನ ಮಮತೆಯಿಂದಲ್ಲ. ವಿಷ ಹೊಡೆದರೆ ಕಳೆ ತನ್ನ ಕೈಗೆ ಸಿಗದೆ ಸಾಯುತ್ತದಲ್ಲ, ಅದು ಅವಳಿಗೆ ಒಪ್ಪಿಗೆಯಿರಲಿಲ್ಲ.

ಅವಳ ಪರಮ ವೈರಿ ಲುಂಬುಗು ಹುಲ್ಲು. ಅದರ ಬೇರು ನೆಲದೊಳಗೆ ಹಗ್ಗದಂತೆ ಹರಿಯುತ್ತದೆ. ಬೆರಳುದ್ದ ತುಂಡು ಉಳಿದರೂ ಮತ್ತೆ ಚಿಗುರುತ್ತದೆ. ನಾಲೊಂಗೊ ಗುದ್ದಲಿಯಿಂದ ಮಣ್ಣು ಸಡಿಲಿಸಿ ಬೇರನ್ನು ಇಡಿಯಾಗಿ ಎಳೆದು, ಬಂಡೆಗೆ ಬಡಿದು, ಮೂರು ದಿನ ಬಿಸಿಲಿಗೆ ಒಣಹಾಕಿ, ಆಮೇಲೆ ಸುಡುತ್ತಿದ್ದಳು. ಒಮ್ಮೆ ಮೇಕೆ ಕದಿಯಲು ಬಂದವನ ಮಣಿಕಟ್ಟನ್ನೂ ಅದೇ ಗುದ್ದಲಿಯಿಂದ ಮುರಿದಿದ್ದಳು. ಅವನನ್ನು ಒಣಹಾಕಲಿಲ್ಲ, ಅಷ್ಟೇ ವ್ಯತ್ಯಾಸ.

ಆರು ಮಡಿ ನಕಾತಿ ಸೊಪ್ಪು ಕಂಪಾಲದ ಸಂತೆಗೆ ಹೋಗಿ ಅವಳ ಮನೆ ನಡೆಸುತ್ತಿತ್ತು. ಆ ವರ್ಷ ಲುಂಬುಗು ಎರಡು ಮಡಿ ನುಂಗಿ ಮೂರನೆಯದಕ್ಕೆ ಕೈ ಹಾಕಿತ್ತು. ಬರುತ್ತಿದ್ದದ್ದು ಪಕ್ಕದ ಕಲುಂಗಿಯ ಹೊಲದಿಂದ. ಕಲುಂಗಿ ನಮ್ಮ ಸಂಘದ ಅಧ್ಯಕ್ಷ. ಕೋಟು ತೊಟ್ಟು ಗಂಟೆಗಟ್ಟಲೆ ಕಳೆ ನಿಯಂತ್ರಣದ ಬಗ್ಗೆ ಭಾಷಣ ಮಾಡುತ್ತಿದ್ದ. ಸ್ವಂತ ಹೊಲದಲ್ಲಿ ಹುಲ್ಲು ಮೊಣಕಾಲುದ್ದ ನಿಂತಿತ್ತು. ಅದನ್ನವನು ‘ವಿಶ್ರಾಂತಿಯಲ್ಲಿರುವ ಭೂಮಿ’ ಎನ್ನುತ್ತಿದ್ದ.

ಎರಡೂ ಕಡೆ ಒಟ್ಟಿಗೆ ಅಗೆಯೋಣ ಎಂದು ಅವಳು ಮೂರು ಸಲ ಕೇಳಿದಳು. ಬಾಳೆಸೋಗೆ ದಪ್ಪಗೆ ಹಾಸು, ಬೆಳಕಿಲ್ಲದೆ ತಾನೇ ಸಾಯುತ್ತದೆ ಎಂದು ಅವನು ಮೂರು ಸಲವೂ ಉಪದೇಶಿಸಿದ. ಅವಳು ಎರಡು ಮಳೆಗಾಲ ಹಾಸಿಯೂ ನೋಡಿದ್ದಳು. ಬೇರು ಎರಡು ಹೊಲಗಳ ನಡುವೆ ನೆಟ್ಟ ಗಡಿಗಿಡಗಳ ಬುಡದಲ್ಲಿ ಅಡಗಿದ್ದು, ಸೋಗೆಯಡಿ ತೆವಳಿ, ಇನ್ನಷ್ಟು ಕೊಬ್ಬಿ ಬರುತ್ತಿತ್ತು.

ನಮ್ಮಲ್ಲಿ ಗಡಿಗಿಡವೇ ಪತ್ರ, ಗಡಿಗಿಡವೇ ಸಾಕ್ಷಿ. ಎರಡೂ ಕಡೆಯವರು, ಹಿರಿಯರು ಎದುರಿಲ್ಲದೆ ಒಂದನ್ನು ಮುಟ್ಟಿದರೂ ನೆಲ ಕದ್ದಂತೆ. ನಾಲೊಂಗೊಗೆ ಇದು ಗೊತ್ತಿಲ್ಲದ್ದಲ್ಲ. ಆದರೂ ಒಂದು ಸೋಮವಾರ ಬೆಳಿಗ್ಗೆ ಐದು ಗಿಡ ಕಿತ್ತು ಸಾಲಾಗಿ ಮಲಗಿಸಿ, ಬುಡದ ಬೇರು ಎಳೆಯತೊಡಗಿದಳು. ಕಲುಂಗಿ ಮಚ್ಚು ಹಿಡಿದು ಓಡಿಬಂದ.

ಅವಳು ಗುದ್ದಲಿ ಕೆಳಗಿಟ್ಟು, ನಮ್ಮಲ್ಲಿ ಹೆಂಗಸರು ವಂದಿಸುವಾಗ ಮಾಡಬೇಕಾದಂತೆ ಮೊಣಕಾಲೂರಿ, ಮನೆಯವರೆಲ್ಲ ಸೌಖ್ಯವೇ ಎಂದು ಕೇಳಿದಳು. ಅವನೂ ಮಚ್ಚು ಎತ್ತಿದಂತೆಯೇ ಸೌಖ್ಯ, ನಿಮ್ಮ ಕಡೆ ಹೇಗೆ ಎಂದ. ಗದ್ದಲ ಕೇಳಿ ಓಡಿಬಂದ ನಾವೂ ಕುಶಲ ಮುಗಿಯುವತನಕ ಸುಮ್ಮನೆ ನಿಂತೆವು. ನಡುವೆ ಬಾಯಿ ಹಾಕುವುದು ಮರ್ಯಾದೆಯಲ್ಲ.

“ನನ್ನ ನೆಲ ಕದೀತಿದೀಯ, ನಾಲೊಂಗೊ.”

“ನಿಮ್ ನೆಲ ತಗೊಂಡು ನಾನೇನ್ ಮಾಡ್ಲಿ ಯಜಮಾನ್ರೆ? ಅದ್ರಲ್ಲಿ ಹುಲ್ಲು, ನಿಮ್ ಭಾಷಣ ಬಿಟ್ರೆ ಇನ್ನೇನಿದೆ?”

ಯಾರೋ ನಕ್ಕರು. ಚಪ್ಪಾಳೆಗೇ ಒಗ್ಗಿದ್ದ ಕಲುಂಗಿಯ ಕಿವಿ ಅದನ್ನು ತಾಳಲಿಲ್ಲ. ಮಚ್ಚು ಅವಳ ಮೇಲಿಳಿಯಿತು. ಅವಳು ಅಡ್ಡ ಹಿಡಿದ ಎಡಗೈಯ ಕಿರುಬೆರಳು ಬೇರುಗಳ ನಡುವೆ ಬಿತ್ತು. ಅವಳು ಅದರತ್ತ ನೋಡಲೂ ಇಲ್ಲ. ಗುದ್ದಲಿಯ ಕಾವನ್ನು ಬೀಸಿ ಅವನ ಹೆಗಲಿಗೆ ಬಾರಿಸಿದಳು. ಮೂಳೆ ಲಟಕ್ಕೆಂದದ್ದು ನಮಗೆಲ್ಲ ಕೇಳಿಸಿತು. ಬಿದ್ದವನ ಎದೆಯ ಮೇಲೆ ಕೂತು, ರಕ್ತ ಸುರಿಯುವ ಕೈಯಿಂದ ಲುಂಬುಗು ಹಿಡಿಹಿಡಿ ಅವನ ಬಾಯಿಗೆ ತುರುಕಿದಳು. ಬಿಡಿಸಲು ನಾವು ನಾಲ್ವರು ಗಂಡಸರು ಬೇಕಾದೆವು, ಒಬ್ಬನ ಹಲ್ಲು ಹೋಯಿತು.

ವಾರದ ಮೇಲೆ ಹಿರಿಯರು ಸೇರಿದರು. ಒಬ್ಬಳೇ ಗಡಿ ಮುಟ್ಟಿದ್ದು ಅವಳ ತಪ್ಪು, ಮೊಣಕಾಲೂರಿದವಳ ಮೇಲೆ ಮಚ್ಚು ಬೀಸಿದ್ದು ಅವನ ತಪ್ಪು, ಐದೂ ಗಿಡ ಅದೇ ಗುಳಿಯಲ್ಲಿ ನೆಡಬೇಕು ಎಂದಾಯಿತು. ಅಷ್ಟರಲ್ಲಿ ಒಬ್ಬ ಮುದುಕ ಗುಳಿಗೆ ಕೋಲು ಹಾಕಿ ಮಾರುದ್ದ ಬೇರೆತ್ತಿದ.

“ಇದನ್ನ ಒಳಗಿಟ್ಟೇ ನೆಟ್ರೆ ಮುಂದಿನ ಮಳೆಗೆ ಬೀಳೋಕೆ ಇವಳಿಗೆ ಇನ್ನೂ ಒಂಬತ್ ಬೆರಳಿದಾವೆ.”

ಹಾಗಾಗಿ ಗಡಿಯುದ್ದಕ್ಕೂ ತನ್ನ ಕಡೆಯ ಹತ್ತು ಹೆಜ್ಜೆ ಅಗಲವನ್ನು ಕಲುಂಗಿಯೇ ಅಗೆಯಬೇಕೆಂದು ತೀರ್ಪಾಯಿತು. ಕೂಲಿಯಾಳು ಕೂಡದು. ಒಂದು ಕೈ ಜೋಲಿಯಲ್ಲಿ, ಇನ್ನೊಂದರಲ್ಲಿ ಗುದ್ದಲಿ. ನಾಲೊಂಗೊ ಬ್ಯಾಂಡೇಜಿನ ಕೈ ಮಡಿಲಲ್ಲಿಟ್ಟು ಚಾಪೆ ಹಾಸಿ ಕೂತು ಹೆಂಟೆ ಹೆಂಟೆ ಪರೀಕ್ಷಿಸಿದಳು. ಬೇರು ತುಂಡಾದಲ್ಲೆಲ್ಲ ಮತ್ತೆ ಅಗೆಸಿದಳು. ಭಾಷಣವಿಲ್ಲದೆ ಇಪ್ಪತ್ತಮೂರು ದಿನ ಕಳೆದವು.

ಕೊನೆಯ ದಿನ ಅವಳು ಎದ್ದು ಗಡಿಗಿಡ ಎತ್ತಿಕೊಂಡಳು.

“ನೆಟ್ಟಗೆ ಹಿಡ್ಕೊಳಿ. ನಾನ್ ಮಣ್ ಎಳೀತೀನಿ.”

ಇಬ್ಬರಿಗೂ ಸೇರಿ ಸರಿಯಿದ್ದದ್ದು ಎರಡೇ ಕೈ. ಅವನು ಹಿಡಿದ, ಅವಳು ಮುಚ್ಚಿದಳು. ಹುಲ್ಲು ನುಂಗಿದ್ದ ಎರಡು ಮಡಿಗೂ ಅವಳು ಮಧ್ಯಾಹ್ನವೇ ನಕಾತಿ ಬೀಜ ಎರಚಿದಳು.