ಚಹಾ ಕುಡಿಯದ ಅಜ್ಜಿ

ಅಜ್ಜಿಯ ಎರಡೂ ಕೈಗಳ ಮೇಲೆ ಮೊಣಕೈವರೆಗೆ ಕಂದು ಚುಕ್ಕೆಗಳಿದ್ದವು, ಹಂಚಿನ ಮೇಲೆ ಜಾಸ್ತಿ ಹೊತ್ತು ಬಿಟ್ಟ ರೊಟ್ಟಿಗೆ ಬೀಳುವಂಥವು. ಬೆರಳಿನ ಉಂಗುರ ಮಾಂಸದೊಳಗೆ ಹೂತುಹೋಗಿತ್ತು. ಎದೆಯ ಮೇಲೆ ಒಂದು ಕರಿಯ ಬಿಲ್ಲೆ, ಅದರಲ್ಲಿ ಅವರ ಹೆಸರು. ಬಟ್ಟೆ ಒಗೆಯುವಾಗಲೂ ಅದು ಅಲ್ಲೇ ಇರುತ್ತಿತ್ತು. ಆದರೆ ನಮ್ಮ ಓಣಿಯಲ್ಲಿ ಆ ಹೆಸರು ಓದಿ ಕರೆದವರು ಯಾರೂ ಇಲ್ಲ. ಅವರು ಬಿಳಿ ಅಜ್ಜಿ, ಗಂಡ ಬಿಳಿ ಅಜ್ಜ. ಮುಗೀತು.

ಹುಮನಾಬಾದಿನ ನಮ್ಮ ಮನೆಯ ಮುಂದಿನ ಎರಡು ಖೋಲಿಗೆ ಅವರು ಕಿರಾಯಿಗೆ ಬಂದದ್ದು ಎಂಬತ್ತರ ದಶಕದ ಮೊದಲಲ್ಲಿ. ಅಮೆರಿಕದವರು, ಕ್ರೈಸ್ತರಲ್ಲಿ ಮಾರ್ಮನ್ ಅನ್ನುವ ಪಂಥದವರು. ಅಜ್ಜ ಅಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದರಂತೆ. ಹೊಲ ಮಗನ ಕೈಗಿಟ್ಟು, ಗಂಡ ಹೆಂಡತಿ ತಮ್ಮ ಖರ್ಚಿನಲ್ಲೇ ಒಂದೂವರೆ ವರ್ಷ ಧರ್ಮದ ಸೇವೆಗೆಂದು ಹೊರಟು ಬಂದಿದ್ದರು. ಈ ವಯಸ್ಸಿನಲ್ಲಿ ಕಾಶಿಗೆ ಹೋಗುವುದು ಬಿಟ್ಟು ಹುಮನಾಬಾದಿಗೆ ಯಾರಾದರೂ ಬರುತ್ತಾರೆಯೇ ಎಂದು ನಮ್ಮ ಅತ್ತೆ, ನನ್ನ ಗಂಡನ ತಾಯಿ, ಕೇಳಿದ್ದರು. ನನಗೂ ಅದೇ ಪ್ರಶ್ನೆಯಿತ್ತು.

ಅವರ ದಿನ ನಮಗಿಂತ ಮೊದಲು ಶುರುವಾಗುತ್ತಿತ್ತು. ನಾನು ಅಂಗಳ ಗುಡಿಸಲು ಬಂದಾಗ ಕಿಟಕಿಯಲ್ಲಿ ಕಾಣುತ್ತಿದ್ದರು. ಮಂಚದ ಈಚೆ ಒಬ್ಬರು, ಆಚೆ ಒಬ್ಬರು ಮೊಣಕಾಲೂರಿ, ಮಂಚದ ಮೇಲೆ ಕೈಗೆ ಕೈ ಕೊಟ್ಟು, ಕಣ್ಣು ಮುಚ್ಚಿರುತ್ತಿದ್ದರು. ಆಮೇಲೆ ಗ್ರಂಥ ಓದುವುದು, ನೀರು ಕುದಿಸುವುದು. ಕುದಿಸದ ನೀರನ್ನು ಬಾಯಿಗೆ ಹಾಕುತ್ತಿರಲಿಲ್ಲ. ಅಜ್ಜ ಮೇ ತಿಂಗಳ ಬಿಸಿಲಿನಲ್ಲೂ ಟೈ ಕಟ್ಟುತ್ತಿದ್ದರು. ಹೊರಗೆ ಹೋದರೆ ಇಬ್ಬರೂ ಕೂಡಿ, ಕೊತ್ತಂಬರಿ ತರಲಿಕ್ಕೂ ಜೋಡಿ. ಒಬ್ಬರೇ ತಿರುಗಬಾರದೆಂದು ಅವರಲ್ಲಿ ಕಾನೂನೇ ಇತ್ತಂತೆ. “ನಮ್ಮಂವಗ ಯಾರರ ಇದನ್ನ ಕಲಸ್ರೆವ್ವಾ” ಎಂದು ಎದುರುಮನೆಯಾಕೆ ನಗುತ್ತಿದ್ದಳು. ಮನೆಮನೆಗೆ ಹೋಗಿ ತಮ್ಮ ಧರ್ಮದ ಮಾತು ಹೇಳುತ್ತಿದ್ದರು. ಜನ ಅವರನ್ನು ಕೂಡಿಸಿ, ಹಾಲು ಕೊಟ್ಟು, ಎಲ್ಲ ಕೇಳಿ, ಕೊನೆಗೆ ಮಕ್ಕಳ ಇಂಗ್ಲಿಷ್ ಪಾಠ ಮುಂದಿಡುತ್ತಿದ್ದರು. ಇವರು ಅದನ್ನೂ ಹೇಳಿಕೊಟ್ಟು ಬರುತ್ತಿದ್ದರು. ರವಿವಾರ ಪ್ರಾರ್ಥನೆಗೆಂದು ಮುಂದಿನ ಖೋಲಿಯಲ್ಲಿ ಕುರ್ಚಿ ಹಾಕುತ್ತಿದ್ದರು, ಹೆಚ್ಚಿನವು ಖಾಲಿ. ಅಜ್ಜ ಆ ಖಾಲಿ ಕುರ್ಚಿಗಳಿಗೂ ಹಾಡನ್ನು ಪೂರ್ತಿ ಹಾಡುತ್ತಿದ್ದರು. ಸೋಮವಾರ ಸಂಜೆ ಮಾತ್ರ ಯಾರಿಗೂ ಬಾಗಿಲು ತೆರೆಯುತ್ತಿರಲಿಲ್ಲ. ಅದು ಮನೆಯವರ ಸಂಜೆ. ಮನೆಯವರು ಅಂದರೆ ಇಬ್ಬರೇ, ಆದರೂ ಜೋಳದ ಅರಳು ಹುರಿದುಕೊಂಡು ಏನೋ ಆಟ ಆಡಿ ನಗುತ್ತಿದ್ದರು.

ಅಜ್ಜಿ ನಮ್ಮ ಮಾತು ಬೇಗ ಕಲಿತರು, ಓಣಿಯ ಹೆಂಗಸರಿಂದಲೇ ಕಲಿತದ್ದು. ಎಲ್ಲದಕ್ಕೂ ಅವರದು ಒಂದೇ ಮಾತು, “ನಡೀತದ.” ನೀರು ಬರಲಿಲ್ಲ, ನಡೀತದ. ಕರೆಂಟ್ ಹೋಯಿತು, ನಡೀತದ.

ಅವರು ಬಂದ ನಾಲ್ಕೈದು ತಿಂಗಳಿಗೆ ನನ್ನ ಗಂಡ ಕಾಮಾಲೆಯಿಂದ ತೀರಿಕೊಂಡರು. ನಾನು ಆಗ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್. ನನಗೆ ಏನೂ ಆಗಲಿಲ್ಲ. ಇದನ್ನು ಹ್ಯಾಗೆ ಹೇಳಬೇಕೋ ಇವತ್ತಿಗೂ ತಿಳಿಯದು. ಕೈ ಮೇಲೆ ಮಲಗಿ ಎದ್ದರೆ ಕೈ ತನ್ನದೇ ಅನ್ನಿಸುವುದಿಲ್ಲವಲ್ಲ, ಇಡೀ ಮೈ ಹಾಗಾಗಿತ್ತು. ಅಳಲಿಲ್ಲ. ಬಂದವರು ನನ್ನ ಮುಖ ನೋಡುವರು, ಒಬ್ಬರನ್ನೊಬ್ಬರು ನೋಡುವರು.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ಕಿಟ್ಲಿಯಲ್ಲಿ ಚಹಾ ತರುತ್ತಾರೆ. ನಮ್ಮಲ್ಲಿ ಸತ್ತವರಿಗೆ ಹಾಲು-ತುಪ್ಪ ಎರೆಯುವವರೆಗೆ ಮನೆಯವರು ಹಾಲು ಮುಟ್ಟುವುದಿಲ್ಲ, ಹಾಗಾಗಿ ಕರಿ ಚಹಾ. ದುಃಖದಲ್ಲಿದ್ದವರು ತಾವಾಗಿ ಕುಡಿಯುವುದಿಲ್ಲ. ಪಕ್ಕದಲ್ಲಿ ಕೂತವರು ಒಂದು ಗುಟುಕು ಕುಡಿದರೆ ಇವರೂ ಒಂದು ಗುಟುಕು. ನೀ ಒಬ್ಬಾಕಿ ಅಲ್ಲ ಎಂದು ಹೇಳಲು ನಮ್ಮ ಓಣಿಗೆ ಬರುತ್ತಿದ್ದದ್ದು ಅದೊಂದೇ ರೀತಿ.

ಆ ದಿನ ಅತ್ತೆಯ ಪಕ್ಕದಲ್ಲಿ ಕೈ ಹಿಡಿದು ಕೂತದ್ದು ಅಜ್ಜಿ. ಅತ್ತೆ ತಮ್ಮ ಬಟ್ಟಲನ್ನು ಮೊದಲು ಅವರಿಗೆ ಚಾಚಿದರು. ಅಜ್ಜಿ ಅದರ ಮೇಲೆ ಅಂಗೈ ಇಟ್ಟು, “ಬ್ಯಾಡ್ರಿ, ನಾ ಕುಡ್ಯಾಂಗಿಲ್ರಿ” ಅಂದರು.

ಅವರ ಧರ್ಮದಲ್ಲಿ ಚಹಾ, ಕಾಫಿ ಎರಡೂ ನಿಷಿದ್ಧ. ನನಗೆ ಗೊತ್ತಿತ್ತು. ಅತ್ತೆಗೆ ಗೊತ್ತಿರಲಿಲ್ಲ, ದಿನಾಲೂ ಹಾಲು ಕುಡಿಯುವುದು ನೋಡಿ ಅವರಿಗೆ ಹಾಲೇ ಇಷ್ಟ ಅಂದುಕೊಂಡಿದ್ದರು. ಅತ್ತೆ ಬಟ್ಟಲನ್ನು ಕೆಳಗಿಟ್ಟರು, ಆ ದಿನವಿಡೀ ಏನನ್ನೂ ಬಾಯಿಗೆ ಹಾಕಲಿಲ್ಲ. ಆಮೇಲೆ ನಾನು ತಿಳಿಸಿ ಹೇಳಿದೆ, ಅದು ಅವರ ವ್ರತ ಅಂತ.

“ವ್ರತ ಇದ್ದರ ಇರವಲ್ದ್ಯಾಕ” ಅಂದರು ಅತ್ತೆ. “ಮಗ ಸತ್ತ ಮನಿಯಾಗ ನನ್ನ ಕೈಯಾನ ಬಟ್ಟಲ ಒಲ್ಲೆ ಅಂದಳು. ಒಂದು ಗುಟುಕಿಗೆ ಯಾವ ದೇವ್ರು ಸಿಟ್ಟಾಗ್ತಾನ?”



ಅಂದಿನಿಂದ ಅತ್ತೆ ಅಜ್ಜಿಯ ಜೊತೆ ಮಾತು ಬಿಟ್ಟರು. ಅಜ್ಜಿ ಪ್ರತಿ ಶನಿವಾರ ತಾವೇ ಬ್ರೆಡ್ ಬೇಯಿಸಿ ನಮ್ಮ ಕಟ್ಟೆಯ ಮೇಲಿಡುತ್ತಿದ್ದರು, ಅತ್ತೆ ಅದನ್ನು ನಮ್ಮ ಎಮ್ಮೆಗೆ ಹಾಕುತ್ತಿದ್ದರು. ಎಮ್ಮೆ ಮಾತ್ರ ಚೆನ್ನಾಗಿ ಮೈ ತುಂಬಿಕೊಂಡಿತು. ಅಜ್ಜಿಗೆ ಇದು ಕಾಣುತ್ತಿತ್ತು, ಆದರೂ ಇಡುವುದು ಬಿಡಲಿಲ್ಲ.

ಶಾಲೆಯಿಂದ ಬಂದು ನಾನು ಅವರ ಖೋಲಿಯಲ್ಲಿ ಹೋಗಿ ಕೂಡುತ್ತಿದ್ದೆ. ನಮ್ಮ ಮನೆಯಲ್ಲಿ ಕೂತರೆ ಯಾರಾದರೂ ಬಂದು ಅತ್ತುಬಿಡು, ಹಗುರಾಗ್ತದ ಅನ್ನುತ್ತಿದ್ದರು, ಅಳುವುದು ನನ್ನ ಕೈಯಲ್ಲಿದೆ ಅನ್ನುವ ಹಾಗೆ. ಅಜ್ಜಿ ಅಜ್ಜನ ಕಾಲುಚೀಲ ಹೊಲಿಯುತ್ತಾ, “ಅಳು ಬರಾಂಗಿಲ್ಲಂದ್ರ ಬ್ಯಾಡ್ರಿ, ಟೀಚರ್. ಕೂಡ್ರಿ” ಅಂದರು. ಧರ್ಮದ ಮಾತು ಒಂದೂ ಎತ್ತಲಿಲ್ಲ. ಮನೆಮನೆಗೆ ಹೋಗಿ ಹೇಳುವವರು ಬಾಗಿಲಿಗೇ ಬಂದವಳಿಗೆ ಹೇಳಲಿಲ್ಲ. ಸೋಮವಾರ ಸಂಜೆಯೂ ನನ್ನನ್ನು ಏಳು ಅನ್ನಲಿಲ್ಲ. ಅಜ್ಜ ನನ್ನ ಕೈಗೂ ಒಂದು ಬಟ್ಟಲು ಅರಳು ಕೊಟ್ಟರು. ನಾನು ತಿಂದೆ. ರುಚಿ ಗೊತ್ತಾಗಲಿಲ್ಲ.

ಆ ಮೇ ತಿಂಗಳಲ್ಲಿ ಅತ್ತೆ, ನಾನು ನನ್ನ ತವರು ಬಸವಕಲ್ಯಾಣಕ್ಕೆ ಹೋಗಿ ಬರುವಾಗ ಅದೇ ಬಸ್ಸಿಗೆ ಅಜ್ಜ ಅಜ್ಜಿ ಹತ್ತಿದರು. ಅಲ್ಲಿ ಯಾರದೋ ಮನೆಗೆ ಹೋಗಿದ್ದರಂತೆ. ಅತ್ತೆ ಕಿಟಕಿ ಕಡೆ ಮುಖ ತಿರುವಿದರು. ರಾಜೇಶ್ವರದಲ್ಲಿ ಬಸ್ಸು ಕೆಟ್ಟು ನಿಂತಿತು. ಬಿಸಿಲು ಹಂಚಿನ ಹಾಗೆ ಕಾದಿತ್ತು. ಅವರ ನೀರಿನ ಫ್ಲಾಸ್ಕು ಖಾಲಿ. ಅಜ್ಜನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳುಚಿತು, ಚಹಾದಂಗಡಿಯ ಬೆಂಚಿನ ಮೇಲೆ ಒರಗಿಬಿಟ್ಟರು.

“ಹಾಲು ಖತಂ ಆಗ್ಯಾವ್ರಿ. ಕರೀ ಚಹಾ ಕೊಡ್ಲ್ಯಾ?” ಅಂದ ಅಂಗಡಿಯವ.

ಅಜ್ಜಿ ತಲೆ ಅಲ್ಲಾಡಿಸಿದರು. ಹಸಿ ನೀರು ಕುಡಿದು ಅಜ್ಜ ಹಿಂದೊಮ್ಮೆ ವಾರಗಟ್ಟಲೆ ಮಲಗಿದ್ದರು, ಅದೂ ಬೇಡ.

“ಕುಡಸ್ರಿ, ಜೀವಕ್ಕಿಂತ ದೊಡ್ಡದೇನೈತಿ!” ಬಸ್ಸಿನವರೆಲ್ಲ ಒಂದೇ ಸವನೆ ಹೇಳಿದರು. ಅಜ್ಜಿ ಗಂಡನಿಗೆ ಟೊಪ್ಪಿಗೆಯಿಂದ ಗಾಳಿ ಹಾಕುತ್ತಾ ಮತ್ತೆ ತಲೆ ಅಲ್ಲಾಡಿಸಿದರು. ಅಜ್ಜನೂ ಬೇಡವೆಂದು ಬೆರಳಾಡಿಸಿದರು.

ಅತ್ತೆ ನೋಡುತ್ತಿದ್ದರು. “ಗಂಡಗೂ ಕೊಡವಲ್ಲಳಲ್ಲ ಈಕಿ” ಅಂದರು ಮೆಲ್ಲಗೆ. ಆಮೇಲೆ ಎದ್ದು, ಕಲ್ಯಾಣದಿಂದ ತಂದ ಬೆಲ್ಲದ ಗಂಟು ಬಿಚ್ಚಿದರು. “ಏ ತಮ್ಮಾ, ಪುಡಿ ಹಾಕೂಕಿಂತ ಮೊದ್ಲ ಒಂದು ಗ್ಲಾಸ್ ಕುದಿಯೋ ನೀರು ತಗಿ.” ಅದರಲ್ಲಿ ಬೆಲ್ಲ ಕದಡಿ, ಎರಡು ಗ್ಲಾಸಿಗೆ ಎತ್ತಿ ಹೊಯ್ದು ಆರಿಸಿ, ಅಜ್ಜನ ಕೈಗೆ ಕೊಟ್ಟು ಬಂದು ತಮ್ಮ ಜಾಗದಲ್ಲಿ ಕೂತರು. ಮರು ಶನಿವಾರದಿಂದ ಬ್ರೆಡ್ ಎಮ್ಮೆಗೆ ಹೋಗುವುದು ನಿಂತಿತು. ಅತ್ತೆ ಚಟ್ನಿ ಹಚ್ಚಿಕೊಂಡು ತಾವೇ ತಿಂದರು.

ದೀಪಾವಳಿಯ ಮುಂದೆ ಒಂದು ಬೆಳಿಗ್ಗೆ ಅಜ್ಜ ಗಡ್ಡ ಹೆರೆಯುತ್ತಾ ನಿಂತವರು ಹಾಗೇ ಕುಸಿದರು. ಡಾಕ್ಟರ್ ಬರುವಷ್ಟರಲ್ಲಿ ಮುಗಿದಿತ್ತು. ಹೈದರಾಬಾದಿನ ಅವರ ಪಂಥದ ಜನಕ್ಕೆ ನಾನು ಟ್ರಂಕಾಲ್ ಮಾಡಿದೆ. ಸಂಜೆಯೊಳಗೆ ಗಾಡಿ ತಂದು ಇಬ್ಬರನ್ನೂ ಒಯ್ಯುತ್ತೇವೆ ಅಂದರು. ಒಬ್ಬರೇ ಇರುವ ಹಾಗಿಲ್ಲವಲ್ಲ.

ತಿರುಗಿ ಬಂದಾಗ ಅಜ್ಜಿ ಬಿಸಿನೀರು ತಂದಿಟ್ಟುಕೊಂಡು ಅಜ್ಜನ ಉಳಿದ ಅರ್ಧ ಗಡ್ಡ ಹೆರೆಯುತ್ತಿದ್ದರು. ಆಮೇಲೆ ಟ್ರಂಕು ತೆಗೆದರು. ಒಳಗೆ ಬಿಳಿ ಬಟ್ಟೆ ಎರಡು ಜೊತೆ, ಒಂದು ಅಜ್ಜನದು, ಒಂದು ತಮ್ಮದು. ಇಂಥ ದಿನಕ್ಕೆಂದೇ ಊರಿಂದ ತಂದಿದ್ದರು. ಒಂದನ್ನು ತೆಗೆದು ಇಸ್ತ್ರಿ ಮಾಡಿ, ಉಡಿಸಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಆ ಮುಖ ನನಗೆ ಪರಿಚಯದ್ದು. ಹತ್ತು ತಿಂಗಳಿಂದ ನನ್ನ ಕನ್ನಡಿಯಲ್ಲಿ ಇದ್ದದ್ದು ಅದೇ.

ಓಣಿಯ ಹೆಂಗಸರು ಕಿಟ್ಲಿ ಹಿಡಿದು ಅಂಗಳದಲ್ಲೇ ನಿಂತಿದ್ದರು. “ಚಹಾ ಒಯ್ದರ ಒಲ್ಲೆ ಅಂತಾಳ. ಬರೇ ಕೈಲೆ ಹ್ಯಾಂಗ ಹೋಗೂದು?” ಯಾರೂ ಹೊಸ್ತಿಲು ದಾಟಲಿಲ್ಲ. ಸಂಜೆಗೆ ಗಾಡಿ ಬರುವುದು. ಅಲ್ಲಿವರೆಗೆ ಆ ಹೆಂಗಸು ಹೀಗೆ ಹೆಣದ ಮುಂದೆ ಒಬ್ಬರೇ ಕೂತು, ಒಬ್ಬರೇ ಎದ್ದು ಹೋಗುತ್ತಾರೆ. ಅದು ಗೊತ್ತಿದ್ದೂ ನಾನು ಬಾಗಿಲಲ್ಲೇ ನಿಂತಿದ್ದೆ.

ಅತ್ತೆ ನಮ್ಮ ಅಡಿಗೆಮನೆಯಿಂದ ದೊಡ್ಡ ಬೋಗುಣಿಯನ್ನು ಅರಿವೆಯಲ್ಲಿ ಹಿಡಿದು ಬಂದರು. “ಸರೀರಿ” ಅಂದು ನೇರ ಒಳಗೆ ಹೋದರು. ನೆಲದ ಮೇಲೆ ಕೂತು ಬಟ್ಟಲಿಗೆ ಹಾಕಿ, ತಾವೊಂದು ಗುಟುಕು ಕುಡಿದು ಅಜ್ಜಿಗೆ ಚಾಚಿದರು.

“ಕುಡಿ, ಯವ್ವಾ. ಬೆಲ್ಲದ ನೀರು. ಪುಡಿ ಹಾಕಿಲ್ಲ.”

ಅಜ್ಜಿ ಕುರ್ಚಿಯಿಂದ ಇಳಿದು ಅತ್ತೆಯ ಪಕ್ಕದಲ್ಲಿ ನೆಲಕ್ಕೆ ಕೂತರು. ಎರಡೂ ಕೈಯಿಂದ ಬಟ್ಟಲು ಹಿಡಿದು ಕುಡಿದರು. ಅತ್ತೆ ಬಾಗಿಲ ಕಡೆ ತಿರುಗಿ, “ಚೆಲ್ರೆ ಅದನ್ನ, ಬರ್ರಿ ಒಳಗ” ಅಂದು ಗದರಿದರು. ಕಿಟ್ಲಿಯ ಚಹಾ ಗಟಾರಕ್ಕೆ ಹೋಯಿತು. ಎಲ್ಲರೂ ಬಂದು ಕೂತು ಬೆಲ್ಲದ ನೀರು ಕುಡಿದರು. ನನ್ನ ಕೈಗೂ ಒಂದು ಬಟ್ಟಲು ಬಂತು. ನಾಲಿಗೆ ಸುಟ್ಟಿತು. ಅಳು ಬರಲಿಲ್ಲ, ಆದರೆ ಸುಟ್ಟದ್ದು ಗೊತ್ತಾಯಿತು. ಎಷ್ಟೋ ತಿಂಗಳ ಮೇಲೆ ನನಗೆ ಗೊತ್ತಾದದ್ದು ಅದೊಂದು.

ಸಂಜೆ ಗಾಡಿ ಹತ್ತುವಾಗ ಅಜ್ಜಿ ಅತ್ತೆಯನ್ನು ತಬ್ಬಿಕೊಂಡರು. ಅತ್ತೆ ನಾಚಿ ಸೆಟೆದು ನಿಂತರು, ಆಮೇಲೆ ಅವರೂ ತಬ್ಬಿದರು. ನನ್ನ ಕೆನ್ನೆ ಮುಟ್ಟಿ ಅಜ್ಜಿ “ನಡೀತದ” ಅನ್ನಲು ಹೋದರು, ಅರ್ಧಕ್ಕೇ ನಿಂತಿತು. ಆಮೇಲೆ ಅವರ ಸುದ್ದಿ ನಮಗೆ ಮುಟ್ಟಲಿಲ್ಲ. ಆ ಇನ್ನೊಂದು ಜೊತೆ ಬಿಳಿ ಬಟ್ಟೆ ಯಾವತ್ತು ಹೊರಬಂತೋ.

ಕೆಲವು ವರ್ಷಗಳಿಗೆ ನಮ್ಮ ಅತ್ತೆ ತೀರಿಕೊಂಡರು. ಓಣಿಯ ಹೆಂಗಸರು ಬೋಗುಣಿ ಹಿಡಿದು ಬಂದರು. ಎದುರುಮನೆಗೆ ಹೊಸದಾಗಿ ಬಂದ ಸೊಸೆ ತನ್ನ ಅತ್ತೆಗೆ ಮೆಲ್ಲಗೆ, “ಅತ್ತಿ, ನಮ್ಮ ಕಡಿ ಚಹಾ ಒಯ್ತಾರ್ರಿ. ಇಲ್ಲಿ ಬೆಲ್ಲದ ನೀರು ಯಾಕ್ರಿ?” ಎಂದು ಕೇಳಿದಳು.

“ನಮ್ಮ ಓಣ್ಯಾಗ ಮೊದ್ಲಿಂದ ಹಿಂಗೇ” ಅಂದಳು ಎದುರುಮನೆಯಾಕೆ.

ಆ ಹುಡುಗಿ ಒಂದು ಗುಟುಕು ಕುಡಿದು ಬಟ್ಟಲನ್ನು ನನಗೆ ಚಾಚಿದಳು. ನಾನೂ ಒಂದು ಗುಟುಕು ಕುಡಿದೆ. ಆಗ ನನಗೆ ಅಳು ಬಂತು, ಗಂಡ ಸತ್ತಾಗ ಬಾರದ್ದೂ ಸೇರಿ.