ತಮ್ಮನ ಗಿಡದ ಸುಳಿ

ನಮ್ಮ ಹಿತ್ತಲಿನಲ್ಲಿ ಅಮ್ಮನ ರಾಜ್ಯ ಬೇರೆ, ಅಜ್ಜಿಯ ರಾಜ್ಯ ಬೇರೆ. ಬಾವಿಕಟ್ಟೆಯಿಂದ ಈಚೆಗೆ ಅಮ್ಮನದು. ಕನಕಾಂಬರ, ಸೇವಂತಿಗೆ, ಚಪ್ಪರದ ಅವರೆ. ಅಲ್ಲಿ ನಾನೂ ತಮ್ಮನೂ ಎಷ್ಟು ಬೇಕಾದರೂ ಮಣ್ಣು ಕೆದಕಬಹುದಿತ್ತು. ಬಿತ್ತಿದ ಬೀಜ ಮೊಳೆತಿದೆಯೇ ಎಂದು ತಮ್ಮ ದಿನವೂ ಕಿತ್ತು ನೋಡುತ್ತಿದ್ದ. "ಹಿಂಗ್ ಕಿತ್ ನೋಡ್ತಿದ್ರೆ ಅದು ಯಾವಾಗ್ಲಾ ಬೆಳೆಯೋದು? ಮುಚ್ಚು, ಮುಚ್ಚು" ಎಂದು ಅಮ್ಮ ನಗುತ್ತಿದ್ದಳು. ಬಚ್ಚಲ ನೀರು ಹರಿದು ನಿಲ್ಲುವ ಆಚೆ ತುದಿ ಅಜ್ಜಿಯದು. ಅಲ್ಲಿ ಇದ್ದದ್ದು ಎರಡೇ ತೆಂಗಿನ ಗಿಡ, ನನ್ನದೊಂದು, ತಮ್ಮನದೊಂದು. ಅಲ್ಲಿ ಯಾರೂ ನಗುತ್ತಿರಲಿಲ್ಲ.

ತಿಪಟೂರು ಸೀಮೆಯಲ್ಲಿ ತೆಂಗಿಲ್ಲದ ಮನೆ ಯಾವುದಿದೆ? ಆದರೆ ನಮ್ಮ ಮನೆಯಲ್ಲಿ ಮಗು ಹೆಜ್ಜೆ ಇಡಲು ಕಲಿತ ಕೂಡಲೇ ಅದರ ಕೈಯಿಂದಲೇ ಒಂದು ಸಸಿ ನೆಡಿಸುತ್ತಿದ್ದರು. ಗುಂಡಿಗೆ ಉಪ್ಪು, ಬೂದಿ, ಜೊತೆಗೆ ಅಜ್ಜಿ ಒಣಗಿಸಿ ಇಟ್ಟಿದ್ದ ಆ ಮಗುವಿನ ಹೊಕ್ಕುಳಬಳ್ಳಿ. ಅಲ್ಲಿಂದಾಚೆಗೆ ಗಿಡವೂ ಮಗುವೂ ಒಂದೇ ಎಂದು ಅಜ್ಜಿಯ ಲೆಕ್ಕ. ಯುಗಾದಿಯ ದಿನ ನಮ್ಮನ್ನು ಗಿಡದ ಪಕ್ಕ ನಿಲ್ಲಿಸಿ, ಮೊದಲು ಗಿಡವನ್ನು ನೋಡಿ ಆಮೇಲೆ ನಮ್ಮನ್ನು ನೋಡುತ್ತಿದ್ದಳು. ಅದು ನನಗೆ ಆಗಲೇ ಮೈ ಉರಿಸುತ್ತಿತ್ತು.

ಎಪ್ಪತ್ತರ ದಶಕದ ಕೊನೆಗೆ, ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಮಳೆ ಹಿಡಿದ ಮೇಲೆ ತಿಪ್ಪೆಯಿಂದ ಎದ್ದ ಕೊಂಬಿನ ದುಂಬಿ ತಮ್ಮನ ಗಿಡದ ನೆತ್ತಿಯಲ್ಲಿ ಗರಿ ಹೊರಡುವ ಸುಳಿಯನ್ನೇ ಕೊರೆಯಿತು. ಹೊಸದಾಗಿ ಬಿಚ್ಚಿದ ಗರಿ ಕತ್ತರಿಯಿಂದ ಕತ್ತರಿಸಿದ ಹಾಗೆ ಇತ್ತು. ಮೊದಲು ಕಂಡವನು ತಮ್ಮನೇ. "ಅಕ್ಕಾ, ನನ್ ಗಿಡ ಬೀಸಣಿಗೆ ಮಾಡೈತೆ ನೋಡು!" ಎಂದು ಕುಣಿದ. ಅಜ್ಜಿ ಓಡಿ ಬಂದು, ಗರಿಯತ್ತ ಒಮ್ಮೆ ನೋಡಿ, ಅವನ ಹಣೆ ಮುಟ್ಟಿದಳು. ಹಣೆ ತಣ್ಣಗಿತ್ತು. ಆ ವಾರ ಕಳೆಯುವುದರೊಳಗೆ ಅದು ಸುಡುತ್ತಿತ್ತು.

ಜ್ವರ ಇಳಿಯಲಿಲ್ಲ, ಕೆಮ್ಮು ಎದೆಗೆ ಇಳಿಯಿತು. ತಿಪಟೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದು ಅಮ್ಮ ಅಂಗಲಾಚಿದಳು. "ಗಿಡ ಚೇತರಿಸ್ಕಳ್ಳೋಗಂಟ ಮಗೀನ ಹೊಸ್ಲು ದಾಟಿಸ್ಬ್ಯಾಡ ಕಣೇ. ಸುಳಿ ಬಂದ್ರೆ ತಾನೇ ಎದ್ದು ಕೂತ್ಕತಾನೆ" ಎಂದಳು ಅಜ್ಜಿ. ಅಪ್ಪ ಆಕೆಯ ಮಾತಿಗೆ ಎದುರಾಡಿದವನಲ್ಲ. ಕಬ್ಬಿಣದ ಕೊಕ್ಕೆ ತಂದು ದುಂಬಿ ಎಳೆದ, ಸುಳಿಗೆ ಮರಳೂ ಔಷಧಿ ಪುಡಿಯೂ ಬೆರೆಸಿ ತುಂಬಿದ. ಒಳಗೆ ಮಗ ಉಸಿರಿಗೆ ಒದ್ದಾಡುತ್ತಿದ್ದರೆ ಇವರೆಲ್ಲ ಹೊರಗೆ ಗಿಡದ ಉಪಚಾರದಲ್ಲಿದ್ದರು. ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಒಂದು ಬೆಳಗ್ಗೆ ಅಪ್ಪ ಸುಳಿ ಮುಟ್ಟಿ ನೋಡಿದಾಗ ಅದು ಬುಡಸಮೇತ ಅವನ ಕೈಗೇ ಬಂತು. ಕೊಳೆತು ನಾರುತ್ತಿತ್ತು. "ಮುಗೀತು ಕಣಪ್ಪ" ಎಂದು ಅಜ್ಜಿ ಬಾವಿಕಟ್ಟೆಯ ಮೇಲೆ ಕುಸಿದು ಕೂತಳು. ನೆಂಟರಿಗೆ ಹೇಳಿ ಕಳಿಸಬೇಕೇ ಎಂದು ಅವಳು ಅಪ್ಪನನ್ನು ಮೆಲ್ಲಗೆ ಕೇಳಿದ್ದು ನನ್ನ ಕಿವಿಗೆ ಬಿತ್ತು. ಅಮ್ಮನಿಗೂ ಅದು ಕೇಳಿಸಿತ್ತು.

ಅಮ್ಮ ಅಡಿಗೆಮನೆಯಿಂದ ಮಚ್ಚು ತಂದಳು. ನಮ್ಮ ಕಡೆ ತೆಂಗಿಗೆ ಕೈಯಾರೆ ಮಚ್ಚು ಹಾಕುವ ಹೆಂಗಸು ಇರಲಿಲ್ಲ. ಅವಳು ಆ ಗಿಡವನ್ನು ನೆಲಕ್ಕೆ ಬೀಳುವ ತನಕ ಕೊಚ್ಚಿದಳು. "ನೋಡ್ಕಳಿ. ಗಿಡ ಸತ್ತೋಯ್ತು. ನನ್ ಮಗ ಒಳ್ಗೆ ಕೆಮ್ತಾವ್ನೆ ಇನ್ನೂವೆ" ಎಂದು ಕೂಗಿ, ಅವನನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ನಡೆದುಬಿಟ್ಟಳು.

ಆಮೇಲಿನ ದಿನಗಳಲ್ಲಿ ಅಪ್ಪ ಆಸ್ಪತ್ರೆಗೆ ಹೋಗಿ ಬರುತ್ತಿದ್ದ. ಅಜ್ಜಿ ನನ್ನ ಗಿಡದ ಸುಳಿ ನೋಡಿ, ನನ್ನ ಹಣೆ ಮುಟ್ಟಿ ನೋಡುತ್ತಿದ್ದಳು. ಅವಳು ಬರುವ ಮೊದಲೇ ನಾನೂ ಎದ್ದು ಹೋಗಿ ಸುಳಿ ನೋಡತೊಡಗಿದೆ.

ತಮ್ಮ ಬದುಕಿದ. ಕಡ್ಡಿಯಂತಾಗಿ ಬಂದವನು ಬಸ್ಸು ಇಳಿಯುವಾಗಲೇ ಬೋಂಡ ಬೇಕೆಂದು ಹಟ ಮಾಡಿದ. ಅಮ್ಮ ಅವನನ್ನು ಮಲಗಿಸಿ, ಮತ್ತೆ ಮಚ್ಚು ಹಿಡಿದು ನೇರ ನನ್ನ ಗಿಡದ ಹತ್ತಿರ ಹೋದಳು. ನಾನು ಓಡಿಹೋಗಿ ಗಿಡವನ್ನು ತಬ್ಬಿಕೊಂಡೆ. "ಬ್ಯಾಡ ಕಣಮ್ಮ, ನಾನ್ ಸತ್ತೋಗ್ತೀನಿ!"

ಅಮ್ಮನ ಕೈ ಇಳಿಯಿತು. ತಲೆಯೆತ್ತಿ ನನ್ನ ಗಿಡದ ಸುಳಿಯನ್ನೇ ತುಂಬಾ ಹೊತ್ತು ನೋಡಿದಳು. ಮಾರನೆಯ ದಿನದಿಂದ ಅದಕ್ಕೆ ನೀರು ಹಾಕುವುದು ಅವಳ ಕೆಲಸವಾಯಿತು, ನನ್ನನ್ನೂ ಹತ್ತಿರ ಬಿಡಲಿಲ್ಲ. ಮಳೆಗಾಲಕ್ಕೆ ಮುಂಚೆ ತಿಪ್ಪೆಯನ್ನೆಲ್ಲ ಕೆದರಿ ದುಂಬಿಯ ಹುಳು ಹೆಕ್ಕುತ್ತಿದ್ದಳು. ಅಜ್ಜಿ ಹೋದ ಮೇಲೂ ಅದು ನಿಲ್ಲಲಿಲ್ಲ. ಸೇವಂತಿಗೆ ಪಾತಿಯಲ್ಲಿ ಹುಲ್ಲು ಬೆಳೆಯಿತು.

ನಾನು ಮದುವೆಯಾಗಿ ಹೊರಡುವ ದಿನ, ಬಸ್ಸು ಹಾರನ್ ಹೊಡೆಯುತ್ತಿರುವಾಗ, ಅಮ್ಮ ಇದ್ದಕ್ಕಿದ್ದಂತೆ ಹಿತ್ತಲಿಗೆ ಓಡಿದಳು. "ಎಲ್ಲಿಗಮ್ಮ ಈಗ?" ಎಂದು ಕೂಗಿದ ತಮ್ಮ, ಈಗ ಅವಳಿಗಿಂತ ಎತ್ತರ ಬೆಳೆದವನು. ಎಲ್ಲಿಗೆಂದು ನನಗೆ ಗೊತ್ತಿತ್ತು. ಅವಳು ಏದುಸಿರು ಬಿಡುತ್ತಾ ಬಂದು ನನ್ನ ಕೈ ಹಿಡಿದುಕೊಂಡಳು.

"ಸುಳಿ ಚೆನ್ನಾಗೈತೆ. ಹೋಗು."